ಧ್ವನಿ ತಂತ್ರಜ್ಞನ ಕೈಯಲ್ಲಿ ಟ್ಯಾಬ್ಲೆಟ್

ನಮ್ಮ ಕಾಲೇಜಿನ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಸುತ್ತಲಿನ ಪ್ರೌಢಶಾಲೆಗಳ ಮಕ್ಕಳಿಗಾಗಿ ವಿಜ್ಞಾನ ಉಪನ್ಯಾಸ ಏರ್ಪಡಿಸುತ್ತೇವೆ. ಎರಡು ವರ್ಷಗಳ ಹಿಂದೆ ಉಪನ್ಯಾಸ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳನ್ನು 'ಏನು ಅರ್ಥವಾಯಿತಮ್ಮ?' ಎಂದು ಕೇಳಿದೆ. ಆಕೆ ಸ್ವಲ್ಪ ಹಿಂಜರಿದು, 'ಸರ್, ಶಬ್ದ ಜೋರಾಗಿ ಕೇಳಿಸಿತು, ಮಾತು ಕೇಳಿಸಲಿಲ್ಲ' ಎಂದಳು.

ಭೌತವಿಜ್ಞಾನ ಪಾಠ ಮಾಡುವವನಿಗೆ ಇದಕ್ಕಿಂತ ನಿಖರವಾದ ದೂರು ಸಿಗಲಾರದು. ಶಬ್ದದ ಮಟ್ಟ ಬೇರೆ, ಮಾತಿನ ಸ್ಪಷ್ಟತೆ ಬೇರೆ ಎಂಬುದನ್ನು ಒಂಬತ್ತನೆಯ ತರಗತಿಯ ಆ ಹುಡುಗಿ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದಳು. ನಮ್ಮ ಸಭಾಂಗಣ ಸಮಿತಿ ಮಾತ್ರ ದೂರಿನ ಉತ್ತರಾರ್ಧವನ್ನಷ್ಟೇ ಕೇಳಿಸಿಕೊಂಡು, ಇನ್ನೂ ದೊಡ್ಡ ಆಂಪ್ಲಿಫೈಯರ್ ಕೊಳ್ಳಲು ಹೊರಟಿತು. ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಸಭೆ ಸಮಾರಂಭಗಳಿಗೆ ಧ್ವನಿ ವ್ಯವಸ್ಥೆ ಮಾಡಿಕೊಡುವವನು, 'ಕೊಳ್ಳುವ ಮೊದಲು ಒಮ್ಮೆ ಅಳೆದು ನೋಡೋಣ ಸರ್' ಎಂದ. ಅವನು ಪೆಟ್ಟಿಗೆಗಟ್ಟಲೆ ಉಪಕರಣ ಹೊತ್ತು ತರುತ್ತಾನೆಂದುಕೊಂಡಿದ್ದೆ. ಬಂದದ್ದು ಕಂಕುಳಲ್ಲಿ ಸ್ಲೇಟಿನಂಥ ಒಂದು ಟ್ಯಾಬ್ಲೆಟ್ ಮತ್ತು ಜೇಬಿನಲ್ಲಿ ಹತ್ತಾರು ಬಲೂನುಗಳೊಂದಿಗೆ.

ಟ್ಯಾಬ್ಲೆಟ್ ಎಂದರೆ ನುಂಗುವ ಮಾತ್ರೆ ಎಂದಷ್ಟೇ ತಿಳಿದಿದ್ದ ಕಾಲವೊಂದಿತ್ತು. ಸ್ಪರ್ಶಪರದೆಯ ಈ ಗಣಕ ಧ್ವನಿ ತಂತ್ರಜ್ಞರ ಕೈಗೆ ಬಂದದ್ದು ತೀರ ಈಚೆಗೆ. ಬೆರಳುಗಳಿಂದ ಒಮ್ಮೆಗೇ ಹಲವು ನಿಯಂತ್ರಕಗಳನ್ನು ಸರಿಸಬಹುದಾದ 'ಲೆಮೂರ್' ಎಂಬ ಸಾಧನವನ್ನು ಫ್ರಾನ್ಸಿನ ಕಂಪನಿಯೊಂದು 2000ದ ದಶಕದ ಮಧ್ಯಭಾಗದಲ್ಲಿ ಹೊರತಂದಿತ್ತು. ಅದು ಸಂಗೀತಗಾರರಿಗೆಂದೇ ಮಾಡಿದ್ದು, ಬೆಲೆಯೂ ದುಬಾರಿ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಅದೇ ಕೆಲಸವನ್ನು ಸಾಮಾನ್ಯ ಟ್ಯಾಬ್ಲೆಟ್ಟಿನಲ್ಲಿ ಮಾಡುವುದು ಸಾಧ್ಯವಾಯಿತು. 2012ರಲ್ಲಿ ಮ್ಯಾಕಿ ಕಂಪನಿ ತಂದ ಹದಿನಾರು ಮೈಕುಗಳ ಮಿಕ್ಸರಿನ ಮೇಲೆ ಫೇಡರುಗಳೇ ಇರಲಿಲ್ಲ. ಫೇಡರುಗಳಿರಬೇಕಾದ ಜಾಗದಲ್ಲಿ ಐಪ್ಯಾಡ್ ಕೂರಿಸುವ ತೊಟ್ಟಿಲಿತ್ತು. ಬೇಕಾದಾಗ ಅದನ್ನು ಕಿತ್ತುಕೊಂಡು ಸಭಿಕರ ನಡುವೆ ನಡೆದುಹೋಗಬಹುದಿತ್ತು. (ಮಿಕ್ಸರ್ ಎಂದಾಗ ಚಟ್ನಿ ನೆನಪಾಗುವವರಿಗೆ: ಇದು ಹಲವು ಮೈಕುಗಳಿಂದ ಬರುವ ಸಂಕೇತಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ ಧ್ವನಿವರ್ಧಕಕ್ಕೆ ಕಳಿಸುವ ಪೆಟ್ಟಿಗೆ. ಒಂದೊಂದು ಮೈಕಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಲು ಮೇಲೆ ಕೆಳಗೆ ಜಾರಿಸುವ ಗುಂಡಿಯೇ ಫೇಡರ್.)

ನಡೆದುಹೋಗಬಹುದು ಎಂಬುದೇ ಇಲ್ಲಿ ಮುಖ್ಯ ಸಂಗತಿ. ನಮ್ಮಲ್ಲಿ ಮೈಕಿನವರು ಎಲ್ಲಿ ಕೂರುತ್ತಾರೆ ನೋಡಿ. ವೇದಿಕೆಯ ಪಕ್ಕದ ಕಂಬದ ಮರೆಯಲ್ಲಿ, ಇಲ್ಲವೆ ಪರದೆಯ ಹಿಂದೆ. ಅಲ್ಲಿ ಕೇಳುವ ಶಬ್ದಕ್ಕೂ ಸಭಿಕನಿಗೆ ಕೇಳುವ ಶಬ್ದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ತಂತಿಗಳ ಕಂತೆಯಿಂದ ಕಟ್ಟಿಹಾಕಿದ ಮಿಕ್ಸರನ್ನು ಬಿಟ್ಟು ಅವರು ಕದಲುವಂತಿರಲಿಲ್ಲ. ಟ್ಯಾಬ್ಲೆಟ್ ಅವರನ್ನು ಕೊನೆಯ ಸಾಲಿಗೆ, ಆ ಹುಡುಗಿ ಕುಳಿತಿದ್ದ ಕುರ್ಚಿಗೆ ಕರೆತಂದಿದೆ.

ಗಾಜು ಬೆರಳನ್ನು ಗುರುತಿಸುವ ಬಗೆ

ಪರದೆಯ ಗಾಜಿನ ಹಿಂದೆ ಬರಿಗಣ್ಣಿಗೆ ಕಾಣದ ಎರಡು ಪದರ ವಿದ್ಯುದ್ವಾಹಕ ಪಟ್ಟಿಗಳಿರುತ್ತವೆ, ಒಂದು ಪದರ ಅಡ್ಡ, ಇನ್ನೊಂದು ಉದ್ದ. ಇವನ್ನು ಸಾಮಾನ್ಯವಾಗಿ ಇಂಡಿಯಂ ಮತ್ತು ತವರದ ಆಕ್ಸೈಡಿನಿಂದ ಮಾಡುತ್ತಾರೆ. ಅದು ಪಾರದರ್ಶಕವೂ ಹೌದು, ವಾಹಕವೂ ಹೌದು. ಪಟ್ಟಿಗಳು ಒಂದನ್ನೊಂದು ದಾಟುವ ಪ್ರತಿಯೊಂದು ಸ್ಥಳವೂ ಒಂದು ಪುಟ್ಟ ಧಾರಕ. ನಮ್ಮ ಬೆರಳು ಉಪ್ಪುನೀರು ತುಂಬಿದ ವಾಹಕ. ಅದು ಹತ್ತಿರ ಬಂದಾಗ ಎರಡು ಪಟ್ಟಿಗಳ ನಡುವಿನ ವಿದ್ಯುತ್ ಕ್ಷೇತ್ರದ ಒಂದಷ್ಟು ಪಾಲನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಆ ಜಾಗದ ಧಾರಕತೆ ಪಿಕೋಫ್ಯಾರಡಿನ ಒಂದು ಅಂಶದಷ್ಟು ಇಳಿಯುತ್ತದೆ. ಪರದೆಯ ಸರ್ಕೀಟು ಇಡೀ ಜಾಲವನ್ನು ಸೆಕೆಂಡಿಗೆ 60 ಬಾರಿ ಅಥವಾ ಅದಕ್ಕೂ ಹೆಚ್ಚು ಬಾರಿ ತಡಕಿ, ಎಲ್ಲೆಲ್ಲಿ ಇಳಿಕೆಯಾಗಿದೆ ಎಂದು ಗುರುತಿಸುತ್ತದೆ. ಹತ್ತು ಬೆರಳಿಟ್ಟರೂ ಹತ್ತು ಸ್ಥಾನಗಳು ಬೇರೆ ಬೇರೆಯಾಗಿ ಸಿಗುವುದು ಹೀಗೆ. ಮಳೆಹನಿ ಬಿದ್ದಾಗ, ಬೆವರಿನ ಕೈಯಿಟ್ಟಾಗ ಪರದೆ ಗೊಂದಲಗೊಳ್ಳುವುದಕ್ಕೂ ಕಾರಣ ಇದೇ. ಬಯಲು ರಂಗಮಂದಿರಗಳಲ್ಲಿ ಕೆಲಸ ಮಾಡುವವರು ಜೇಬಿನಲ್ಲಿ ಒಣಬಟ್ಟೆ ಇಟ್ಟುಕೊಂಡಿರುತ್ತಾರೆ.

ಆದರೆ ಗಾಜು ಬೆರಳಿಗೆ ಏನನ್ನೂ ತಿರುಗಿ ಹೇಳುವುದಿಲ್ಲ. ನಿಜವಾದ ಫೇಡರಿನ ಮೇಲೆ ಬೆರಳಿಟ್ಟ ಅನುಭವಿ ತಂತ್ರಜ್ಞ ವೇದಿಕೆಯನ್ನೇ ನೋಡುತ್ತ, ಕೈಗೆ ತಗಲುವ ಗುಂಡಿಯ ಅರಿವಿನಿಂದಲೇ ಮಟ್ಟವನ್ನು ಒಂದೆರಡು ಡೆಸಿಬೆಲ್ ಸರಿಸಬಲ್ಲ. ಟ್ಯಾಬ್ಲೆಟ್ ಹಿಡಿದವನು ಪರದೆಯನ್ನು ನೋಡಲೇಬೇಕು. ಹಾಡುಗಾರ್ತಿ ಉಸಿರೆಳೆದುಕೊಂಡದ್ದು ಅವನಿಗೆ ಕಾಣುವುದಿಲ್ಲ. ದೊಡ್ಡ ಕಛೇರಿಗಳಲ್ಲಿ ಇವತ್ತಿಗೂ ಫೇಡರುಗಳಿರುವ ಮಿಕ್ಸರ್ ಉಳಿದುಕೊಂಡು, ಟ್ಯಾಬ್ಲೆಟ್ ಅದರ ಸಹಾಯಕನಾಗಿ ಮಾತ್ರ ಇರುವುದು ನನ್ನ ಮಟ್ಟಿಗೆ ಸರಿಯಾದ ಏರ್ಪಾಡು.

ಶಬ್ದ ತಂತಿಯಲ್ಲಿ, ಆಜ್ಞೆ ಗಾಳಿಯಲ್ಲಿ

ಮೈಕಿನ ಶಬ್ದ ಟ್ಯಾಬ್ಲೆಟ್ಟಿನ ಒಳಗೆ ಹೋಗಿ ಹೊರಬರುತ್ತದೆ ಎಂದು ಹಲವರು ಭಾವಿಸಿದ್ದಾರೆ. ಸಭಾಂಗಣದ ಮಿಕ್ಸರಿನ ವಿಷಯದಲ್ಲಿ ಅದು ತಪ್ಪು. ಶಬ್ದದ ಸಂಕೇತವೆಲ್ಲ ವೇದಿಕೆಯಲ್ಲಿರುವ ಡಿಜಿಟಲ್ ಮಿಕ್ಸರಿನೊಳಗೇ ಸಾಗುತ್ತದೆ. ಟ್ಯಾಬ್ಲೆಟ್ ಕಳಿಸುವುದು 'ಮೂರನೆಯ ಮೈಕನ್ನು 2 ಡೆಸಿಬೆಲ್ ಇಳಿಸು' ಎಂಬಂಥ ಚುಟುಕು ಆಜ್ಞೆಗಳನ್ನು, ಅದೂ ವೈಫೈ ಮೂಲಕ. ಆದ್ದರಿಂದ ಸಂಪರ್ಕ ಕಡಿದರೂ ಶಬ್ದ ನಿಲ್ಲುವುದಿಲ್ಲ. ಕೊನೆಯ ಆಜ್ಞೆ ಹೇಗಿತ್ತೋ ಹಾಗೆಯೇ ಮುಂದುವರಿಯುತ್ತದೆ. ಇದು ಕೇಳಲು ನೆಮ್ಮದಿಯ ಮಾತು. ಪ್ರತ್ಯಕ್ಷ ಅನುಭವ ಬೇರೆಯಾಗಿರಬಹುದು.

ಒಂದು ವಾರ್ಷಿಕೋತ್ಸವದ ದಿನ ಖಾಲಿ ಸಭಾಂಗಣದಲ್ಲಿ ಎಲ್ಲವನ್ನೂ ಪರೀಕ್ಷಿಸಿ, ನಾನೇ ಟ್ಯಾಬ್ಲೆಟ್ ಹಿಡಿದು ಹಿಂದೆ ಕುಳಿತಿದ್ದೆ. ಮಕ್ಕಳು, ಪೋಷಕರು ಬಂದು ತುಂಬಿದರು. ಪ್ರಾರ್ಥನೆ ಹಾಡುವ ಹುಡುಗಿ ಮೈಕಿಗೆ ತೀರ ಮೆಲ್ಲಗೆ ಹಾಡಿದಳೆಂದು ಅವಳ ಮೈಕನ್ನು ಏರಿಸಿದೆ. ಅವಳು ಮೈಕನ್ನು ಕೈಗೆತ್ತಿಕೊಂಡು ಧ್ವನಿವರ್ಧಕದ ಎದುರಿಗೇ ಸರಿದಳು. ಕಿವಿ ಸೀಳುವಂತೆ ಕೂಗು ಎದ್ದಿತು. ಇಳಿಸಲು ಬೆರಳು ಜಾರಿಸಿದರೆ ಪರದೆಯ ಮೇಲೆ 'ಸಂಪರ್ಕವಿಲ್ಲ' ಎಂಬ ಸೂಚನೆ. ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆಗೆ ಓಡಿ, ಮೈಕಿನ ತಂತಿ ಕಿತ್ತದ್ದೇ ಪರಿಹಾರವಾಯಿತು. ಹುಡುಗಿ ಅಳುತ್ತ ಒಳಗೆ ಹೋದಳು.

ಆಗಿದ್ದೇನು? ಖಾಲಿ ಸಭಾಂಗಣದಲ್ಲಿ ಒಂದೇ ಒಂದು ವೈಫೈ ಇತ್ತು. ಜನ ತುಂಬಿದಾಗ ನೂರಾರು ಮೊಬೈಲುಗಳು ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡತೊಡಗಿದವು. ಜೊತೆಗೆ ಆ ಆವೃತ್ತಿಯ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಮನುಷ್ಯರ ಮೈ ಬಹುಪಾಲು ನೀರು. ನೆಲದ ಮಟ್ಟದಲ್ಲಿದ್ದ ರೂಟರಿಗೂ ನನಗೂ ನಡುವೆ ಜನರ ಗೋಡೆಯೇ ಎದ್ದಿತ್ತು. ಈಗ ನಾವು ಮಿಕ್ಸರಿಗೆಂದೇ ಪ್ರತ್ಯೇಕ ರೂಟರನ್ನು ಎಲ್ಲರ ತಲೆಗಿಂತ ಎತ್ತರದಲ್ಲಿಟ್ಟು, ದಟ್ಟಣೆ ಕಡಿಮೆಯಿರುವ 5 ಗಿಗಾಹರ್ಟ್ಸ್ ಪಟ್ಟಿ ಬಳಸುತ್ತೇವೆ. ಮಿಕ್ಸರಿನ ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ ನಿಂತಿರುತ್ತಾನೆ, ಅವನ ಕೆಲಸ ಇಷ್ಟೇ: ಅಗತ್ಯಬಿದ್ದಾಗ ಒಂದು ಗುಂಡಿ ಒತ್ತುವುದು.

ಆ ಕೂಗಿನ ಭೌತವಿಜ್ಞಾನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಧ್ವನಿವರ್ಧಕದ ಶಬ್ದ ಮೈಕಿಗೆ ಮರಳಿ, ವರ್ಧನೆಗೊಂಡು ಮತ್ತೆ ಹೊರಬರುತ್ತದೆ. ಒಂದು ಸುತ್ತಿನ ಒಟ್ಟು ವರ್ಧನೆ ಒಂದಕ್ಕಿಂತ ಹೆಚ್ಚಿದ್ದು, ಮರಳಿದ ಅಲೆ ಮೂಲ ಅಲೆಯೊಂದಿಗೆ ಹೆಜ್ಜೆ ಹೊಂದಿಸಿಕೊಂಡರೆ ಶಬ್ದ ಬೆಳೆಯುತ್ತಲೇ ಹೋಗುತ್ತದೆ. ಮೈಕಿಗೂ ಧ್ವನಿವರ್ಧಕಕ್ಕೂ 4 ಮೀಟರ್ ಅಂತರವಿದ್ದರೆ ಒಂದು ಸುತ್ತಿಗೆ ಸುಮಾರು 11.6 ಮಿಲಿಸೆಕೆಂಡ್ ಬೇಕು. ಹೆಜ್ಜೆ ಹೊಂದುವ ಆವೃತ್ತಿಗಳು ಸುಮಾರು 86 ಹರ್ಟ್ಸಿಗೊಂದರಂತೆ ಸಾಲಾಗಿ ಸಿಗುತ್ತವೆ. ಅವುಗಳಲ್ಲಿ ಕೋಣೆ ಮತ್ತು ಧ್ವನಿವರ್ಧಕ ಯಾವುದಕ್ಕೆ ಹೆಚ್ಚು ಒಲಿದಿವೆಯೋ ಅದು ಮೊದಲು ಕೂಗುತ್ತದೆ. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಶಬ್ದದ ರೋಹಿತ ಕಾಣುತ್ತಿದ್ದರೆ, ಕೂಗು ಏಳುವ ಮೊದಲೇ ಆ ಆವೃತ್ತಿಯ ಜಾಗದಲ್ಲಿ ಸಣ್ಣದೊಂದು ಶಿಖರ ಇಳಿಯದೆ ನಿಂತಿರುವುದು ಗೋಚರಿಸುತ್ತದೆ. ಬೆರಳಿನಿಂದ ಆ ಕಿರಿದಾದ ಪಟ್ಟಿಯನ್ನಷ್ಟೇ ತಗ್ಗಿಸಿದರೆ ಉಳಿದ ಧ್ವನಿಗೆ ಹೆಚ್ಚೇನೂ ಧಕ್ಕೆಯಾಗದು.

ದೂರ ಎಂದರೆ ಕಾಲ

25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ, ಎಂದರೆ ಒಂದು ಮಿಲಿಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಧ್ವನಿ ತಂತ್ರಜ್ಞಾನದ ಅರ್ಧ ಸಮಸ್ಯೆಗಳನ್ನು ಬಾಯಿಲೆಕ್ಕದಲ್ಲಿ ಬಿಡಿಸಬಹುದು.

ನಮ್ಮ ಸಭಾಂಗಣದಲ್ಲಿ ಹಿಂದಿನವರಿಗೆಂದು ವೇದಿಕೆಯಿಂದ 12 ಮೀಟರ್ ಹಿಂದೆ ಇನ್ನೆರಡು ಧ್ವನಿವರ್ಧಕಗಳನ್ನು ಗೋಡೆಗೆ ಹಾಕಿದ್ದರು. ವಿದ್ಯುತ್ ಸಂಕೇತ ತಂತಿಯಲ್ಲಿ ಕ್ಷಣಮಾತ್ರದಲ್ಲಿ ಅಲ್ಲಿಗೆ ತಲಪುತ್ತದೆ, ಮುಂದಿನ ಧ್ವನಿವರ್ಧಕದ ಶಬ್ದ ಮಾತ್ರ ಗಾಳಿಯಲ್ಲಿ ನಡೆದು 35 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕೊನೆಯ ಸಾಲಿನವರಿಗೆ ಪ್ರತಿಯೊಂದು ಅಕ್ಷರವೂ ಎರಡೆರಡು ಬಾರಿ, ಒಂದರ ಮೇಲೊಂದು ಹೇರಿದಂತೆ ಕೇಳಿಸುತ್ತಿತ್ತು. ಭಾಷಣಕಾರ ಎದುರಿಗಿದ್ದರೂ ಮಾತು ಪಕ್ಕದ ಗೋಡೆಯಿಂದ ಬಂದಂತಿತ್ತು. ಪರಿಹಾರ ಸುಲಭ: ಹಿಂದಿನ ಧ್ವನಿವರ್ಧಕಕ್ಕೆ ಹೋಗುವ ಸಂಕೇತವನ್ನು ಮಿಕ್ಸರಿನಲ್ಲೇ 35 ಮಿಲಿಸೆಕೆಂಡ್ ತಡೆಹಿಡಿಯುವುದು. ಅದಕ್ಕೆ ಇನ್ನೊಂದು 10 ಮಿಲಿಸೆಕೆಂಡ್ ಸೇರಿಸುತ್ತಾರೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1951ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಒಂದೇ ಶಬ್ದ ಎರಡು ಕಡೆಯಿಂದ ಸ್ವಲ್ಪ ಅಂತರದಲ್ಲಿ ಬಂದರೆ, ಮೊದಲು ಬಂದ ಕಡೆಯಿಂದಲೇ ಇಡೀ ಶಬ್ದ ಬಂತೆಂದು ಕಿವಿ ತೀರ್ಮಾನಿಸುತ್ತದೆ. ತಡವಾಗಿ ಬಂದದ್ದು ತುಸು ಜೋರಾಗಿದ್ದರೂ ಸರಿಯೇ. ಹೀಗಾಗಿ ಹಿಂದಿನ ಧ್ವನಿವರ್ಧಕ ಬಲ ಕೊಡುತ್ತದೆ, ಮಾತು ಮಾತ್ರ ವೇದಿಕೆಯಿಂದಲೇ ಬಂದಂತೆ ತೋರುತ್ತದೆ. ಕೊನೆಯ ಸಾಲಿನಲ್ಲಿ ನಿಂತು, ಕೇಳುತ್ತ, ಬೆರಳಿನಿಂದ ಒಂದೊಂದೇ ಮಿಲಿಸೆಕೆಂಡ್ ಸರಿಸುತ್ತ ಈ ತಡೆಯನ್ನು ಹೊಂದಿಸಿದೆವು. ಕಂಬದ ಮರೆಯಲ್ಲಿ ಕುಳಿತು ಇದನ್ನು ಮಾಡಲಾಗದು.

ಟ್ಯಾಬ್ಲೆಟ್ಟಿನಲ್ಲೇ ಧ್ವನಿಮುದ್ರಣ ಮಾಡುವವರು ಇದೇ ಲೆಕ್ಕವನ್ನು ಒಳಮುಖವಾಗಿ ಹಾಕಬೇಕು. ಗಣಕ ಶಬ್ದದ ಮಾದರಿಗಳನ್ನು ಕಂತುಗಳಾಗಿ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 48,000 ಮಾದರಿಗಳಂತೆ 256 ಮಾದರಿಗಳ ಒಂದು ಕಂತು ತುಂಬಲು 5.3 ಮಿಲಿಸೆಕೆಂಡ್ ಬೇಕು. ಒಳಬರಲು ಒಂದು ಕಂತು, ಹೊರಹೋಗಲು ಇನ್ನೊಂದು, ಪರಿವರ್ತನೆಗೆ ಇನ್ನಷ್ಟು. ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡ್ ಎಂದರೆ ನಾಲ್ಕೂವರೆ ಮೀಟರ್ ದೂರದಲ್ಲಿ ಕುಳಿತು ತನ್ನ ವೀಣೆಯನ್ನು ತಾನೇ ಕೇಳಿಸಿಕೊಂಡಂತೆ. ಅದನ್ನು ಸಹಿಸಬಹುದು. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ತಡ ಸುಲಭವಾಗಿ ನೂರು ಮಿಲಿಸೆಕೆಂಡ್ ಮೀರುತ್ತದೆ, ವೀಣೆ ಮೂವತ್ತೈದು ಮೀಟರ್ ದೂರ ಹೋಗಿಬಿಡುತ್ತದೆ. ತಾಳ ತಪ್ಪುತ್ತದೆಂದು ವಿದ್ಯಾರ್ಥಿಯನ್ನು ಗದರುವ ಮೊದಲು ಇಯರ್‌ಫೋನಿಗೆ ತಂತಿಯಿದೆಯೇ ನೋಡಿ.

ರೋಹಿತ ಕಣ್ಣಿಗೆ ಕಂಡಾಗ

ಟ್ಯಾಬ್ಲೆಟ್ಟಿನ ಎರಡನೆಯ ಪಾತ್ರ ಅಳೆಯುವುದು. ಒಂದು ಕಾಲಕ್ಕೆ ಪ್ರಯೋಗಾಲಯದಲ್ಲಿ ಮೇಜಿನಗಲ ಜಾಗ ಹಿಡಿಯುತ್ತಿದ್ದ ರೋಹಿತ ವಿಶ್ಲೇಷಕ ಈಗ ಒಂದು ಉಚಿತ ತಂತ್ರಾಂಶ. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಲು ಮೃದಂಗಕ್ಕಿಂತ ಒಳ್ಳೆಯ ವಾದ್ಯವಿಲ್ಲ.

ಬರಿಯ ವೃತ್ತಾಕಾರದ ಚರ್ಮವನ್ನು ಬಿಗಿದು ತಟ್ಟಿದರೆ ಹೊರಡುವ ಆವೃತ್ತಿಗಳ ಅನುಪಾತ 1, 1.59, 2.14, 2.30 ಹೀಗೆ ಅಡ್ಡಾದಿಡ್ಡಿ. ಕಿವಿಗೆ ಅದು ಸದ್ದು, ಸ್ವರವಲ್ಲ. ಮೃದಂಗದ ಬಲಮುಖಕ್ಕೆ ಮಾತ್ರ ಶ್ರುತಿ ಸೇರಿಸುತ್ತೇವೆ. ಏಕೆ ಸಾಧ್ಯ? ಸರ್ ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಂದಿಗೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನೆತ್ತಿಕೊಂಡರು. 1934ರಲ್ಲಿ ಬೆಂಗಳೂರಿನಿಂದ, ತಾವೇ ಆಗತಾನೆ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದರು. ನಡುವೆ ಹಚ್ಚುವ ಕರಣೆಯ ಕಪ್ಪು ಲೇಪ ಚರ್ಮದ ಭಾರವನ್ನು ಮರುಹಂಚಿಕೆ ಮಾಡಿ, ಮೊದಲ ಐದು ಸ್ವರಗಳನ್ನು 1, 2, 3, 4, 5ರ ಅನುಪಾತಕ್ಕೆ ತರುತ್ತದೆ ಎಂದು ತೋರಿಸಿದರು. ಕಂಪಿಸುವ ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ಅದು ಯಾವ ರೇಖೆಗಳಲ್ಲಿ ಸಾಲುಗೂಡುತ್ತದೆ ಎಂದು ನೋಡುವುದು ಅವರ ವಿಧಾನ. ನೀವು ಟ್ಯಾಬ್ಲೆಟ್ಟನ್ನು ಒಂದಡಿ ದೂರದಲ್ಲಿಟ್ಟು ಮೃದಂಗದ ಬಲಮುಖವನ್ನು ಬಗೆಬಗೆಯಾಗಿ ನುಡಿಸಿ ನೋಡಿ. ಸಮಾನ ಅಂತರದ ಶಿಖರಗಳು ಏಣಿಯ ಮೆಟ್ಟಿಲುಗಳಂತೆ ಮೂಡುತ್ತವೆ. ಕರಣೆಯಿಲ್ಲದ ತಮಟೆಯನ್ನು ತಟ್ಟಿದರೆ ಮೆಟ್ಟಿಲುಗಳ ಅಂತರ ಚದರಿಹೋಗಿರುತ್ತದೆ.

ಆದರೆ ಆ ಚಿತ್ರ ಎಷ್ಟು ನಿಜ? ಮಾದರಿ ತೆಗೆಯುವ ದರದ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿಗಳನ್ನು ಹಿಡಿಯಲಾಗದು ಎಂಬುದು ಒಂದು ಮಿತಿ. 48,000ದ ಅರ್ಧ 24,000. ಮನುಷ್ಯರ ಕಿವಿ 20,000 ಹರ್ಟ್ಸಿಗೇ ನಿಲ್ಲುವುದರಿಂದ ಇದು ನಮ್ಮನ್ನು ಹೆಚ್ಚು ಕಾಡದು. ಕಾಡುವ ಮಿತಿ ಬೇರೆ. ಗಣಕ 4,096 ಮಾದರಿಗಳನ್ನು ಒಟ್ಟಿಗೆ ತೆಗೆದುಕೊಂಡು ರೋಹಿತ ಬಿಡಿಸುತ್ತದೆ ಎನ್ನೋಣ. ಅದು 85 ಮಿಲಿಸೆಕೆಂಡಿನ ತುಣುಕು. ಅದರಲ್ಲಿ ಎರಡು ಆವೃತ್ತಿಗಳನ್ನು ಬೇರ್ಪಡಿಸಿ ಕಾಣಬೇಕಾದರೆ ಅವುಗಳ ಅಂತರ ಕನಿಷ್ಠ 1/0.085, ಎಂದರೆ ಸುಮಾರು 12 ಹರ್ಟ್ಸ್ ಇರಬೇಕು. ಈಗ 130.8 ಹರ್ಟ್ಸ್ ಷಡ್ಜವಿಟ್ಟುಕೊಂಡು ಹಾಡುವ ಗಾಯಕನನ್ನು ನೋಡಿ. ಅವನ ಶುದ್ಧ ರಿಷಭ 16/15ರ ಅನುಪಾತದಲ್ಲಿ 139.5 ಹರ್ಟ್ಸ್. ಅಂತರ 9 ಹರ್ಟ್ಸಿಗಿಂತಲೂ ಕಡಿಮೆ! ಎಳೆಯ ಮಗುವಿನ ಕಿವಿಗೂ ಬೇರೆ ಬೇರೆ ಎಂದು ತಿಳಿಯುವ 'ಸ' ಮತ್ತು 'ರಿ' ಒಟ್ಟಿಗೆ ನುಡಿದರೆ ಪರದೆಯ ಮೇಲೆ ಒಂದೇ ಗುಡ್ಡವಾಗುತ್ತವೆ.

ಹಾಗಾದರೆ 16,384 ಮಾದರಿ ತೆಗೆದುಕೊಳ್ಳೋಣ. ಬೇರ್ಪಡಿಸುವ ಶಕ್ತಿ 3 ಹರ್ಟ್ಸಿಗೆ ಸುಧಾರಿಸುತ್ತದೆ, ತುಣುಕು ಮಾತ್ರ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೆ ಉದ್ದವಾಗುತ್ತದೆ. ಅಷ್ಟರಲ್ಲಿ ಗಾಯಕ ಗಮಕದಲ್ಲಿ ಒಂದು ತೂಗಾಟ ತೂಗಿ ಮರಳಿರುತ್ತಾನೆ, ಅದರ ಸುಳಿವೂ ಪರದೆಗೆ ಸಿಗುವುದಿಲ್ಲ. ಕಾಲವನ್ನು ಸೂಕ್ಷ್ಮವಾಗಿ ಹಿಡಿದರೆ ಆವೃತ್ತಿ ಮಸುಕು, ಆವೃತ್ತಿಯನ್ನು ಸೂಕ್ಷ್ಮವಾಗಿ ಹಿಡಿದರೆ ಕಾಲ ಮಸುಕು. ಇದು ಯಾವ ಕಂಪನಿಯ ದೋಷವೂ ಅಲ್ಲ, ಅಲೆಗಳ ಸ್ವಭಾವ. ಕ್ವಾಂಟಂ ಪಾಠದಲ್ಲಿ ಹೈಸೆನ್‌ಬರ್ಗರ ಅನಿಶ್ಚಿತತಾ ತತ್ತ್ವವನ್ನು ಬೋಧಿಸುವ ಮೊದಲು ನಾನು ಈಗ ಟ್ಯಾಬ್ಲೆಟ್ಟನ್ನೂ ಒಬ್ಬ ಹಾಡುಗಾರ ವಿದ್ಯಾರ್ಥಿಯನ್ನೂ ತರಗತಿಗೆ ಕರೆದೊಯ್ಯುತ್ತೇನೆ.

ಆರು ಸೆಕೆಂಡಿನ ಸುಳ್ಳು

ಇನ್ನು ಸಭಾಂಗಣದ ಮೂಲ ರೋಗಕ್ಕೆ ಬರೋಣ. ಶಬ್ದದ ಆಕರ ನಿಂತ ಮೇಲೂ ಗೋಡೆ, ಚಾವಣಿಗಳ ನಡುವೆ ಪುಟಿಯುತ್ತ ಅದು ಕೆಲಕಾಲ ಉಳಿಯುತ್ತದೆ. ಇದೇ ಅನುರಣನ. ಶಬ್ದ 60 ಡೆಸಿಬೆಲ್ ಇಳಿಯಲು, ಅಂದರೆ ಅದರ ಶಕ್ತಿ ಹತ್ತು ಲಕ್ಷದಲ್ಲೊಂದು ಪಾಲಾಗಲು ತಗಲುವ ಕಾಲವನ್ನು ಅನುರಣನ ಕಾಲ ಎನ್ನುತ್ತೇವೆ. ಮಾತಿಗೆ ಅದು ಒಂದು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಚೆನ್ನ. ಅದು ಮೂರು ಸೆಕೆಂಡಾದರೆ 'ಕ' ಇನ್ನೂ ಸಾಯುವ ಮೊದಲೇ 'ನ್ನ' ಮತ್ತು 'ಡ' ಬಂದು ಅದರ ಮೇಲೆ ಬೀಳುತ್ತವೆ. ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಮಾತೂ ಗುಂಗೂ ಒಟ್ಟಿಗೇ ದೊಡ್ಡದಾಗುತ್ತವೆ, ಅಷ್ಟೆ.

ಅಳೆಯುವ ಕ್ರಮ ಸರಳ. ಬಲೂನು ಒಡೆಯಬೇಕು, ಶಬ್ದದ ಮಟ್ಟ ಇಳಿಯುವ ವೇಗವನ್ನು ದಾಖಲಿಸಬೇಕು. ಪೂರಾ 60 ಡೆಸಿಬೆಲ್ ಇಳಿಯುವುದನ್ನು ನೋಡಲಾಗದು, ರಸ್ತೆಯ ಸದ್ದು ಅಡ್ಡಬರುತ್ತದೆ. ಮೊದಲ 5 ಡೆಸಿಬೆಲ್ ಬಿಟ್ಟು, ಮುಂದಿನ 20 ಡೆಸಿಬೆಲ್ ಇಳಿಯುವ ಕಾಲವನ್ನು ಮೂರರಿಂದ ಗುಣಿಸುತ್ತಾರೆ. ಹಳೆಯ ವಿದ್ಯಾರ್ಥಿ ವಿಧಾನ ತೋರಿಸಿ, ಬಲೂನು ಕೊಟ್ಟು ಹೋದ. ಮರುದಿನ ನಾನು ನನ್ನದೇ ಟ್ಯಾಬ್ಲೆಟ್ಟಿನಲ್ಲಿ, ಖಾಲಿ ಸಭಾಂಗಣದಲ್ಲಿ, ಕಿಟಕಿಗಳನ್ನು ತೆರೆದಿಟ್ಟು ಅಳೆದೆ. ಉತ್ತರ 6 ಸೆಕೆಂಡಿಗೂ ಮೇಲೆ. ಮೂರು ಬಾರಿ ಅಳೆದರೂ ಅಷ್ಟೇ. ಇಡೀ ಚಾವಣಿಗೆ ಶಬ್ದಹೀರುವ ಹಲಗೆ ಹೊದಿಸಬೇಕೆಂದು ಸಮಿತಿಗೆ ವರದಿ ಬರೆದೂ ಆಯಿತು. ಅದರ ಖರ್ಚು ಆಂಪ್ಲಿಫೈಯರಿನ ಹಲವು ಪಟ್ಟು.

ವರದಿಯನ್ನು ಕೊಡುವ ಹಿಂದಿನ ಸಂಜೆ ಸಭಾಂಗಣದಲ್ಲಿ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದೆ. ಸದ್ದು ಮೂರು ಎಣಿಸುವಷ್ಟರಲ್ಲಿ ಅಡಗಿತು. ಆರರ ಮಾತೆಲ್ಲಿ? ಆಗ ನೆನಪಾದವರು ವ್ಯಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ, ಮಾತೇ ಕೇಳಿಸದ ತನ್ನ ಹೊಸ ಉಪನ್ಯಾಸ ಮಂದಿರವನ್ನು ಸರಿಪಡಿಸಲು ಈ ತರುಣ ಅಧ್ಯಾಪಕನಿಗೆ ಹೇಳಿತು. ಅವರ ಬಳಿಯಿದ್ದದ್ದು ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಸಾಧನ ಮತ್ತು ತಮ್ಮ ಎರಡು ಕಿವಿಗಳು. ರಾತ್ರಿ ಊರು ಮಲಗಿದ ಮೇಲೆ ಪಕ್ಕದ ರಂಗಮಂದಿರದಿಂದ ಆಸನದ ದಿಂಬುಗಳನ್ನು ಹೊತ್ತು ತಂದು ಜೋಡಿಸಿ, ಶಬ್ದ ಅಡಗುವ ಕಾಲವನ್ನು ಅಳೆದು, ಬೆಳಗಾಗುವ ಮೊದಲು ಮರಳಿಸುತ್ತಿದ್ದರು. ಐದು ಸೆಕೆಂಡಿಗೂ ಹೆಚ್ಚಿದ್ದ ಗುಂಗು ದಿಂಬುಗಳೊಂದಿಗೆ ಹೇಗೆ ಇಳಿಯುತ್ತದೆಂಬುದರಿಂದ ಸೂತ್ರ ಕಂಡುಕೊಂಡರು. 1900ರಲ್ಲಿ ತೆರೆದ ಬೋಸ್ಟನ್ ಸಿಂಫನಿ ಹಾಲನ್ನು ಆ ಸೂತ್ರದ ನೆರವಿನಿಂದಲೇ ಕಟ್ಟಿದರು. ಸೂತ್ರ ಇಷ್ಟು: ಅನುರಣನ ಕಾಲ = 0.16 × ಕೋಣೆಯ ಗಾತ್ರ ÷ ಒಟ್ಟು ಹೀರಿಕೆ. ಹೀರಿಕೆಯ ಮಾನ 'ತೆರೆದ ಕಿಟಕಿಯ ಚದರ ಮೀಟರ್', ಏಕೆಂದರೆ ತೆರೆದ ಕಿಟಕಿಗೆ ಬಿದ್ದ ಶಬ್ದ ಮರಳುವುದಿಲ್ಲ.

ನಮ್ಮ ಸಭಾಂಗಣ 20 ಮೀ. ಉದ್ದ, 12 ಮೀ. ಅಗಲ, 5 ಮೀ. ಎತ್ತರ, ಗಾತ್ರ 1,200 ಘನ ಮೀಟರ್. ಒಳಮೈ ಒಟ್ಟು 800 ಚದರ ಮೀಟರ್. ಗಾರೆಯೂ ನೆಲವೂ ಶೇಕಡಾ 4ರಷ್ಟು ಹೀರುತ್ತವೆ ಎಂದರೆ 32. ತೆರೆದ ಕಿಟಕಿಗಳು 24. ಒಟ್ಟು 56. ಉತ್ತರ 192 ÷ 56, ಸುಮಾರು 3.4 ಸೆಕೆಂಡ್. ನನ್ನ ಕಿವಿಯೂ ಸಬೈನರ ಸೂತ್ರವೂ ಒಂದು ಕಡೆ, ಟ್ಯಾಬ್ಲೆಟ್ ಇನ್ನೊಂದು ಕಡೆ.

ಸುಳ್ಳು ಹೇಳಿದ್ದು ಟ್ಯಾಬ್ಲೆಟ್ಟಿನ 'ಜಾಣತನ'. ಅದರ ಮೈಕು ಇರುವುದು ಮಾತಿಗಾಗಿ. ದೂರದ ಮೆಲುದನಿಯೂ ಕೇಳಲೆಂದು, ಶಬ್ದ ಇಳಿದಂತೆಲ್ಲ ಅದು ತಾನಾಗಿ ವರ್ಧನೆಯನ್ನು ಏರಿಸುತ್ತದೆ. ಬಲೂನಿನ ಗುಂಗು ಇಳಿಯುತ್ತಿತ್ತು, ಟ್ಯಾಬ್ಲೆಟ್ ಅದನ್ನು ಎತ್ತಿ ಎತ್ತಿ ಹಿಡಿಯುತ್ತಿತ್ತು. ಇಳಿಜಾರು ಸೌಮ್ಯವಾಗಿ ಕಂಡಿತು. ಈ ಸ್ವಯಂಚಾಲಿತ ಏರಿಳಿತವನ್ನು ಬದಿಗಿಟ್ಟು ಕಚ್ಚಾ ಸಂಕೇತ ಪಡೆಯುವ ವಿಧಾನ ಐಪ್ಯಾಡಿನಲ್ಲಿ 'ಮಾಪನ ವಿಧಾನ' ಎಂಬ ರೂಪದಲ್ಲಿದೆ. ಆಂಡ್ರಾಯ್ಡಿನಲ್ಲಿ 2016ರ ಏಳನೆಯ ಆವೃತ್ತಿಯಿಂದ ಅಂಥ ಸೌಲಭ್ಯವಿದೆ, ಸಾಧನ ತಯಾರಿಸಿದವರು ಅದಕ್ಕೆ ಅವಕಾಶ ಕೊಟ್ಟಿರಬೇಕು ಮತ್ತು ತಂತ್ರಾಂಶ ಅದನ್ನು ಕೇಳಿ ಪಡೆಯಬೇಕು. ನನ್ನ ತಂತ್ರಾಂಶ ಕೇಳಿರಲಿಲ್ಲ. ಬೇರೆ ತಂತ್ರಾಂಶ ಹಾಕಿ ಅಳೆದೆ: 3.6 ಸೆಕೆಂಡ್. ವರದಿಯನ್ನು ಹರಿದುಹಾಕಿದೆ.

ಶಬ್ದಮಟ್ಟವನ್ನು ಅಳೆಯುವ ತಂತ್ರಾಂಶಗಳಲ್ಲೂ ಇದೇ ಎಚ್ಚರ ಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯವರು 2014ರಲ್ಲಿ ಅಂಥ ಹಲವನ್ನು ಪರೀಕ್ಷಿಸಿದಾಗ ಬೆರಳೆಣಿಕೆಯವು ಮಾತ್ರ ನಂಬಲರ್ಹವೆನಿಸಿದವು. 2017ರಲ್ಲಿ ಅವರೇ ಐಫೋನಿಗಾಗಿ ಒಂದನ್ನು ಹೊರತಂದರು. ಮಟ್ಟ ತಿಳಿದ ಆಕರದೊಂದಿಗೆ ತಾಳೆ ನೋಡದ ಟ್ಯಾಬ್ಲೆಟ್ 'ಇಲ್ಲಿಗಿಂತ ಅಲ್ಲಿ 6 ಡೆಸಿಬೆಲ್ ಕಡಿಮೆ' ಎಂದರೆ ನಂಬಬಹುದು. 'ಇಲ್ಲಿ 85 ಡೆಸಿಬೆಲ್' ಎಂದರೆ ನಂಬಬೇಡಿ.

ಈಗ ಲೆಕ್ಕ ಮುಂದುವರಿಸೋಣ. ಉಪನ್ಯಾಸದ ದಿನ ಚಿತ್ರ ತೋರಿಸಲು ಕತ್ತಲೆ ಬೇಕೆಂದು ಕಿಟಕಿಗಳನ್ನು ಮುಚ್ಚಿದ್ದೆವು. 24 ಹೋಯಿತು. ಬಂದಿದ್ದ ಮಕ್ಕಳು ಸುಮಾರು 100, ತಲೆಗೆ 0.4ರಂತೆ 40. ಒಟ್ಟು 72, ಅನುರಣನ ಕಾಲ 2.7 ಸೆಕೆಂಡ್. ಸಭಾಂಗಣದಲ್ಲಿ 250 ಜನ ತುಂಬಿದ್ದರೆ ಅದೇ 1.5 ಸೆಕೆಂಡಿಗೆ ಇಳಿಯುತ್ತಿತ್ತು. ತುಂಬಿದ ಸಭೆಗಳಲ್ಲಿ ಯಾರೂ ದೂರದೆ, ಅರ್ಧ ತುಂಬಿದ ಮಕ್ಕಳ ಉಪನ್ಯಾಸದಲ್ಲೇ ದೂರು ಬಂದದ್ದೇಕೆಂದು ತಿಳಿಯಿತು. ಕಿಟಕಿ ಮುಚ್ಚಿದ ನಾವೇ ಆ ಹುಡುಗಿಯ ಮಾತನ್ನು ಕಸಿದುಕೊಂಡಿದ್ದೆವು.

ಕಿಟಕಿಗಳ ಗೋಡೆಗೆ ದಪ್ಪ ಬಟ್ಟೆಯ, ನೆರಿಗೆ ತುಂಬಿದ ಪರದೆಗಳನ್ನು 60 ಚದರ ಮೀಟರಿನಷ್ಟು ಹಾಕಿಸಿದೆವು; ಕತ್ತಲೆಗೂ ಆಯಿತು, ಹೀರಿಕೆಗೆ 30 ಸೇರಿತು. ವೇದಿಕೆಗೆ ಎದುರಾದ ಹಿಂಗೋಡೆಗೆ ಮಾತ್ರ ಶಬ್ದಹೀರುವ ಹಲಗೆ ಬಂತು. ಧ್ವನಿವರ್ಧಕಗಳನ್ನು ಚಾವಣಿಯತ್ತ ಅಲ್ಲ, ಮಕ್ಕಳ ತಲೆಗಳತ್ತ ಬಾಗಿಸಿದೆವು. ಆಂಪ್ಲಿಫೈಯರ್ ಹಳೆಯದೇ ಇದೆ.

ಶಾಲೆಯಲ್ಲಿ ಮಾಡಿ ನೋಡಬೇಕೆನ್ನುವ ಶಿಕ್ಷಕರಿಗೆ ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು 2016ರಲ್ಲಿ ತಂದ 'ಫೈಫಾಕ್ಸ್' ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ಶಬ್ದದಿಂದಲೇ ಚಾಲೂ ಆಗಿ ಶಬ್ದದಿಂದಲೇ ನಿಲ್ಲುವ ಗಡಿಯಾರವಿದೆ. ಎರಡು ಸಾಧನಗಳನ್ನು 5 ಮೀಟರ್ ಅಂತರದಲ್ಲಿಟ್ಟು, ಒಂದರ ಪಕ್ಕ ಒಬ್ಬ ಚಪ್ಪಾಳೆ ತಟ್ಟಲಿ, ಸ್ವಲ್ಪ ತಾಳಿ ಇನ್ನೊಂದರ ಪಕ್ಕ ಇನ್ನೊಬ್ಬ ತಟ್ಟಲಿ. ಎರಡು ಗಡಿಯಾರಗಳು ತೋರಿಸುವ ಕಾಲದ ವ್ಯತ್ಯಾಸ ಶಬ್ದ ಹೋಗಿ ಬರುವ 10 ಮೀಟರಿನ ಕಾಲ, ಸುಮಾರು 29 ಮಿಲಿಸೆಕೆಂಡ್. ಯಾರ ಚಪ್ಪಾಳೆ ಯಾವಾಗ ಎಂಬುದು ಉತ್ತರದಲ್ಲಿ ಉಳಿಯುವುದೇ ಇಲ್ಲ. ಏಕೆಂದು ವಿದ್ಯಾರ್ಥಿಗಳೇ ಬಿಡಿಸಲಿ.

ಮಾತು ಕೇಳಿಸುತ್ತದೆಯೇ ಎಂಬುದನ್ನು ಮಾತ್ರ ನಾವು ಟ್ಯಾಬ್ಲೆಟ್ಟಿನಿಂದ ಅಳೆಯಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐವತ್ತು ಪದಗಳನ್ನು ವೇದಿಕೆಯಿಂದ ಓದಿ, ಹಿಂದಿನ ಸಾಲಿನ ಮಕ್ಕಳಿಂದ ಬರೆಯಿಸಿದೆವು. ಮೊದಲು ಅರ್ಧದಷ್ಟು ತಪ್ಪುತ್ತಿದ್ದವರು ಈಗ ಹತ್ತರಲ್ಲಿ ಎಂಟು ಪದಗಳನ್ನು ಸರಿಯಾಗಿ ಬರೆಯುತ್ತಾರೆ. ಎಡಮೂಲೆಯ ನಾಲ್ಕು ಕುರ್ಚಿಗಳಲ್ಲಿ ಮಾತ್ರ 'ಸ'ಕಾರವೂ 'ಶ'ಕಾರವೂ ಇನ್ನೂ ಒಂದೇ ಆಗಿ ಕೇಳಿಸುತ್ತವೆ. ಬೇಸಿಗೆ ರಜೆಯಲ್ಲಿ ಅಲ್ಲಿ ಬಲೂನು ಒಡೆಯಬೇಕೆಂದಿದ್ದೇವೆ.